ಮಳೆಗಾಲದ ಜ್ವರ, ಮಿದುಳಿನ ಕೀವು: ಮೆಲಿಯಾಯ್ಡೋಸಿಸ್ ಟಿಪ್ಪಣಿ

ಮಿದುಳಿನಲ್ಲಿ ಕೀವುಗಡ್ಡೆ ಅಂದ ಕೂಡಲೇ ನಮ್ಮ ಬಾಯಿಗೆ ಬರುವುದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ, ಇಲ್ಲವೇ ಟಿಬಿ. ಉಡುಪಿ, ಮಂಗಳೂರಿನ ವಾರ್ಡುಗಳಲ್ಲಿ ಕಲಿಯುವವರಿಗೆ ಅಷ್ಟು ಸಾಲದು. ಮೆಲಿಯಾಯ್ಡೋಸಿಸ್ ಕೂಡ ನೆನಪಿರಬೇಕು.

ಇದನ್ನು ತರುವ ಬರ್ಖೋಲ್ಡೇರಿಯಾ ಸೂಡೋಮಲೈ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ಗದ್ದೆಗಿಳಿದು ನೇಜಿ ನೆಡುವವರಿಗೆ ಸಣ್ಣ ಗಾಯವೇ ಬಾಗಿಲು. ಉಸಿರಿನ ಮೂಲಕವೂ ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ. ಮಿದುಳಿಗೆ ಹರಡುವುದು ಅಪರೂಪ, ಹರಡಿದರೆ ಪ್ರಾಣಕ್ಕೇ ಕುತ್ತು. ಜ್ವರ, ತಲೆನೋವು, ಒಂದು ಕಡೆ ಕೈಕಾಲು ಸೋಲುವುದು, ಮುಖ ವಾರೆಯಾಗುವುದು, ಫಿಟ್ಸ್ ಕಾಣಿಸಬಹುದು.

ಎಂಆರ್‌ಐಯಲ್ಲಿ ಅಂಚು ಹೊಳೆಯುವ ಉಂಗುರಗಳು ಕಾಣುತ್ತವೆ. ಟಿಬಿಯಲ್ಲೂ ಹಾಗೇ ಅಲ್ವಾ? ಸೋಂಕು ಬಿಳಿ ನರತಂತುಗಳ ಗುಂಟ ಸಾಗಿದ್ದರೆ ಮೆಲಿಯಾಯ್ಡೋಸಿಸ್‌ನ ಅನುಮಾನ ಗಟ್ಟಿಯಾಗಲಿ. ಚಿತ್ರ ನೋಡಿ ಸುಮ್ನೆ ಟಿಬಿ ಮಾತ್ರೆ ಶುರು ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಮಿದುಳಿನಲ್ಲಿ ಒತ್ತಡ ಹೆಚ್ಚಿದ್ದರೆ ಬೆನ್ನುನೀರು ತೆಗೆಯುವುದು ಅಪಾಯ. ತೆಗೆದರೂ ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡುವಾಗ, ಬ್ಯಾಕ್ಟೀರಿಯಾ ಎಷ್ಟೋ ಸಲ ಬೆಳೆಯುವುದಿಲ್ಲ. ಆದ್ದರಿಂದ ರಕ್ತ, ಮೂತ್ರ, ಗಂಟಲ ಸ್ವಾಬ್, ಎಲ್ಲೇ ಕೀವಿದ್ದರೂ ಅದು, ಎಲ್ಲವನ್ನೂ ಕಳಿಸಿ.

ಕಳಿಸುವಾಗ ಚೀಟಿಯಲ್ಲಿ ‘ಮೆಲಿಯಾಯ್ಡೋಸಿಸ್ ಅನುಮಾನ’ ಎಂದು ಬರೆಯಲೇಬೇಕು. ಇಲ್ಲದಿದ್ದರೆ ಬೆಳೆದ ಬ್ಯಾಕ್ಟೀರಿಯಾವನ್ನು ಯಾವುದೋ ಸೂಡೋಮೊನಾಸ್ ಎಂದು ಪಕ್ಕಕ್ಕಿಡುವ ಸಾಧ್ಯತೆ ಇದೆ. ಲ್ಯಾಬಿನವರ ಸುರಕ್ಷತೆಗೂ ಆ ಒಂದು ಸಾಲು ಬೇಕು. ಗ್ರಾಂ ಸ್ಟೇನ್‌ನಲ್ಲಿ, ಅಂದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಈ ಬ್ಯಾಕ್ಟೀರಿಯಾ ಎರಡೂ ತುದಿ ಗಾಢವಾಗಿ, ಸೇಫ್ಟಿ ಪಿನ್ನಿನ ಹಾಗೆ ಕಾಣುತ್ತದೆ. ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆ ಪಾಸಿಟಿವ್. ನನಗೆ ತುಂಬಾ ಇಷ್ಟವಾದ ಸುಳಿವು ಇದು: ಜೆಂಟಾಮೈಸಿನ್, ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಎರಡಕ್ಕೂ ಸಾಮಾನ್ಯವಾಗಿ ಬಗ್ಗುವುದಿಲ್ಲ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುತ್ತದೆ. ದುಬಾರಿ ಯಂತ್ರವಿಲ್ಲದ ಲ್ಯಾಬಿನಲ್ಲೂ ಇದನ್ನು ಹಿಡಿಯಬಹುದು.

ಚಿಕಿತ್ಸೆ ಎರಡು ಹಂತ. ಮೆನಿಂಜೈಟಿಸ್‌ಗೆ (ಮಿದುಳಿನ ಪೊರೆಯ ಉರಿಯೂತಕ್ಕೆ) ರೂಢಿಯಲ್ಲಿರುವ ಸೆಫ್ಟ್ರಿಯಾಕ್ಸೋನ್ ಇಲ್ಲಿ ಸಾಲದು. ಮಿದುಳಿಗೆ ಬಂದಿದ್ದರೆ ಮೆರೊಪೆನೆಮ್ ಮೇಲು. ದೊಡ್ಡವರಿಗೆ 2 ಗ್ರಾಂ, 8 ಗಂಟೆಗೊಮ್ಮೆ, ಕಿಡ್ನಿ ನೋಡಿಕೊಂಡು. ಜೊತೆಗೆ ಕೋಟ್ರೈಮಾಕ್ಸಜೋಲ್ ಎಂಬ ಇನ್ನೊಂದು ಆಂಟಿಬಯಾಟಿಕ್. ಇಂಜೆಕ್ಷನ್ ಕನಿಷ್ಠ 8 ವಾರ. ದೊಡ್ಡ ಕೀವುಗಡ್ಡೆಯಾದರೆ ನ್ಯೂರೋಸರ್ಜನ್ ಹೀರಿ ತೆಗೆಯಬೇಕಾಗುತ್ತದೆ.

ಆಮೇಲೆ 6 ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಎಡವುವುದು ಹೆಚ್ಚಾಗಿ ಇಲ್ಲೇ. ಜ್ವರ ಬಿಟ್ಟ ಮೇಲೆ ಮಾತ್ರೆ ಯಾಕೆ ಅಂತ ನಿಲ್ಲಿಸಿದರೆ ಸೋಂಕು ಮರುಕಳಿಸಬಹುದು. ಕ್ರಿಯಾಟಿನಿನ್, ಪೊಟ್ಯಾಸಿಯಂ, ರಕ್ತಕಣಗಳ ಎಣಿಕೆ ಆಗಾಗ ನೋಡಬೇಕು. ಡಿಸ್ಚಾರ್ಜ್ ದಿನ ರೋಗಿಗೂ ಮನೆಯವರಿಗೂ ತುಳುವಿನಲ್ಲೋ ಕನ್ನಡದಲ್ಲೋ ಇದನ್ನೆಲ್ಲ ಬಿಡಿಸಿ ಹೇಳಿ, ಮುಂದಿನ ರಕ್ತ ಪರೀಕ್ಷೆಯ ತಾರೀಖು ಬರೆದುಕೊಡಿ.