ತೆರವಿಗೆ ಮುನ್ನ ಕಡತದಲ್ಲಿ ಏನಿರಬೇಕು: ಪಾಲಿಕೆ ಜಾರಿ ಕೆಲಸದ ಕಾನೂನು ಪದಗಳು

ಕಟ್ಟಡ ಎದ್ದು ಕಾಣುವಷ್ಟು ಅಕ್ರಮವಾಗಿದ್ದರೂ ಪಾಲಿಕೆ ಕೋರ್ಟಿನಲ್ಲಿ ಸೋಲುವುದುಂಟು. ನೋಟಿಸ್ ಸರಿಯಾಗಿ ಮುಟ್ಟಿರುವುದಿಲ್ಲ, ಉತ್ತರಕ್ಕೆ ಅವಕಾಶ ಕೊಟ್ಟಿರುವುದಿಲ್ಲ, ಆದೇಶದಲ್ಲಿ ಕಾರಣ ಬರೆದಿರುವುದಿಲ್ಲ. ಆದ್ದರಿಂದ ಇಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸದೆ, ಒಂದು ಕಡತ ಬೆಳೆಯುವ ಕ್ರಮದಲ್ಲೇ ನೋಡೋಣ. ಆಧಾರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ಸ್ ಅಧಿನಿಯಮ, 1976. ಪುರಸಭೆ, ನಗರಸಭೆಗಳಿಗೆ 1964ರ ಅಧಿನಿಯಮವಿದೆ. ಬೆಂಗಳೂರಿಗೆ ಬೇರೆಯೇ ಕಾನೂನು. ಇನ್ನೊಂದು ಊರಿನ ನೋಟಿಸ್ ನಮೂನೆಯನ್ನು ನಕಲು ಮಾಡಿ ಸೆಕ್ಷನ್ ಸಂಖ್ಯೆ ಬದಲಿಸದೆ ಬಿಡುವುದು ಮಾಮೂಲಿ ತಪ್ಪು. ಅಧಿಕಾರ ನಿಜವಾಗಿ ಇದ್ದರೆ, ಸಂಖ್ಯೆ ತಪ್ಪಿದ ಮಾತ್ರಕ್ಕೆ ಕ್ರಮ ಬಿದ್ದುಹೋಗುವುದಿಲ್ಲ. ಆದರೆ ಎದುರು ವಕೀಲರಿಗೆ ಪುಕ್ಕಟೆ ವಾದವೊಂದು ಸಿಗುತ್ತದೆ.

ಅಧಿನಿಯಮ ಎಂದರೆ ಶಾಸನಸಭೆ ಮಾಡಿದ ಕಾನೂನು. ಅದರ ಅಡಿಯಲ್ಲಿ ಸರ್ಕಾರ ಮಾಡುವುದು ನಿಯಮ. ಸೆಟ್‌ಬ್ಯಾಕ್ (ನಿವೇಶನದ ಗಡಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಖಾಲಿ ಜಾಗ), ಎತ್ತರ, ಪಾರ್ಕಿಂಗ್‌ನಂಥ ವಿವರಗಳು ಬರುವುದು ಕಟ್ಟಡ ಉಪವಿಧಿಯಲ್ಲಿ, ಅಂದರೆ ನಾವು ಬೈಲಾ ಎನ್ನುವುದರಲ್ಲಿ. ಸುತ್ತೋಲೆ ಇವೆಲ್ಲಕ್ಕಿಂತ ಕೆಳಗೆ. ಸುತ್ತೋಲೆಯೊಂದನ್ನೇ ಆಧರಿಸಿ ಗೋಡೆ ಕೆಡವಲಾಗದು.

ಉಲ್ಲಂಘನೆ ಮತ್ತು ವಿಚಲನೆ. ಅನುಮತಿಯೇ ಇಲ್ಲದೆ ಕಟ್ಟಿದ್ದು ಒಂದು ಬಗೆ, ಮಂಜೂರಾದ ನಕ್ಷೆ ಮೀರಿ ಕಟ್ಟಿದ್ದು ಇನ್ನೊಂದು. ಎರಡನೆಯದಕ್ಕೆ ಅಂಕಿ ಬೇಕು. ನಕ್ಷೆಯಲ್ಲಿ ಎಡಬದಿ ಸೆಟ್‌ಬ್ಯಾಕ್ 1.50 ಮೀಟರ್ ಇದೆ, ಸ್ಥಳದಲ್ಲಿ 1.10 ಮೀಟರ್ ಸಿಕ್ಕಿದೆ ಎನ್ನಿ. ಕೊರತೆ 0.40 ಮೀಟರ್, 0.40 ಅನ್ನು 1.50ರಿಂದ ಭಾಗಿಸಿದರೆ ಶೇ. 26.7 ವಿಚಲನೆ. ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ಬಿಟ್ಟದ್ದು ಶೇ. 5ರವರೆಗಿನ ವಿಚಲನೆಯನ್ನು, ಅಂದರೆ ಈ ಬದಿಗೆ ಏಳೂವರೆ ಸೆಂಟಿಮೀಟರ್ ಮಾತ್ರ. ನಿಮ್ಮ ಊರಲ್ಲಿ ಚಾಲ್ತಿಯಲ್ಲಿರುವ ಉಪವಿಧಿ, ಅದರ ತಿದ್ದುಪಡಿ ನೋಡಿಕೊಳ್ಳಿ. ‘ನಕ್ಷೆ ಉಲ್ಲಂಘಿಸಿ ಕಟ್ಟಲಾಗಿದೆ’ ಎಂಬ ಒಂದೇ ಸಾಲಿನ ವರದಿ ಯಾವ ಹಂತದಲ್ಲೂ ನಿಲ್ಲುವುದಿಲ್ಲ. ಯಾವ ಬದಿ, ಯಾವ ಅಂತಸ್ತು, ಎಷ್ಟಿರಬೇಕಿತ್ತು, ಎಷ್ಟಿದೆ, ಯಾವ ದಿನ ಅಳೆದದ್ದು: ಇಷ್ಟೂ ಬೇಕು.

ಮಹಜರು. ಸ್ಥಳದಲ್ಲಿ ಕಂಡದ್ದನ್ನು ಪಂಚರ ಎದುರು ಬರೆದ ದಾಖಲೆ. ಕಚೇರಿಗೆ ಬಂದು ಬರೆದು, ಆಮೇಲೆ ಸಹಿ ಹಾಕಿಸಿದ ಮಹಜರನ್ನು ಪಾಟೀಸವಾಲಿನಲ್ಲಿ ಉಳಿಸಿಕೊಳ್ಳುವುದು ಕಷ್ಟ. ಪಂಚರೂ ಸಾಕ್ಷಿಗಳೇ, ಅವರನ್ನೂ ಕೇಳುತ್ತಾರೆ.

ಯಾರಿಗೆ ನೋಟಿಸ್? ಮಾಲೀಕ, ಕಟ್ಟಿಸುತ್ತಿರುವವ, ಸ್ವಾಧೀನದಲ್ಲಿರುವ ಬಾಡಿಗೆದಾರ ಮೂವರೂ ಬೇರೆ ಬೇರೆ ಇರಬಹುದು. ಖಾತಾ ಇರುವುದು ತೆರಿಗೆ ವಸೂಲಿಗೆ, ಅದು ಹಕ್ಕುಪತ್ರವಲ್ಲ. ಖಾತೆ ತೀರಿಕೊಂಡ ತಂದೆಯ ಹೆಸರಲ್ಲೇ ಉಳಿದಿರುವುದು ನಮ್ಮ ಕಡೆ ಸರ್ವೇಸಾಮಾನ್ಯ. ಸತ್ತವರ ಹೆಸರಿಗೆ ಹೊರಡಿಸಿದ ನೋಟಿಸ್ ಊರ್ಜಿತವಲ್ಲ, ವಾರಸುದಾರರನ್ನು ಹುಡುಕಿ ಅವರ ಹೆಸರಲ್ಲೇ ಕೊಡಬೇಕು.

ಇನ್ನು ಇಡೀ ವಿಷಯದ ನಡುಗಂಬ, ಸೆಕ್ಷನ್ 321. ಇದರಲ್ಲಿ ಮೂರು ಮೆಟ್ಟಿಲು. 321(1) ತಾತ್ಕಾಲಿಕ ಆದೇಶ: ಕೆಡವಬೇಕು ಅಥವಾ ಮಾರ್ಪಡಿಸಬೇಕು ಎಂದು ಆಯುಕ್ತರು ಮೊದಲು ಹೇಳುವುದು, ಕೆಲಸ ನಿಲ್ಲಿಸಲು ಸೂಚಿಸುವುದೂ ಇದರಲ್ಲೇ. 321(2) ಕಾರಣ ಕೇಳುವ ನೋಟಿಸ್: ಆ ಆದೇಶವನ್ನು ಏಕೆ ದೃಢೀಕರಿಸಬಾರದು ಎಂದು ಕೇಳಿ, ಸಮಂಜಸ ಗಡುವು ಕೊಡುವುದು. ಉತ್ತರ ತೃಪ್ತಿಕರವಲ್ಲದಿದ್ದರೆ 321(3) ದೃಢೀಕರಣ ಆದೇಶ. ಮಾಲೀಕನನ್ನು ಕಟ್ಟಿಹಾಕುವುದು ಈ ಮೂರನೆಯದೇ. ತಾತ್ಕಾಲಿಕ ಆದೇಶದ ಬಲದಲ್ಲೇ ಜೆಸಿಬಿ ಕಳಿಸಿದರೆ ಅದು ಕಾನೂನುಬಾಹಿರ ತೆರವು. ಗಡುವು ಮುಗಿದರೂ ಆದೇಶ ಪಾಲಿಸದಿದ್ದಾಗ ಪಾಲಿಕೆಯೇ ಕೆಲಸ ಮಾಡಿ ಖರ್ಚು ವಸೂಲು ಮಾಡಲು ಸೆಕ್ಷನ್ 462 ಇದೆ.

ಇದರ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿದೆ. ಉತ್ತರಕ್ಕೆ ಕೊಡಬೇಕಾದದ್ದು ಸ್ಥಳೀಯ ಕಾನೂನಿನ ಗಡುವು ಅಥವಾ ನೋಟಿಸ್ ಮುಟ್ಟಿದ ದಿನದಿಂದ 15 ದಿನ, ಯಾವುದು ತಡವೋ ಅದು. ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಸ್ವೀಕೃತಿಯೊಂದಿಗೆ ಹೋಗಬೇಕು, ಕಟ್ಟಡದ ಹೊರಗೂ ಎದ್ದು ಕಾಣುವಂತೆ ಅಂಟಿಸಬೇಕು. ಯಾವ ಉಲ್ಲಂಘನೆ, ಯಾವ ದಾಖಲೆ ತರಬೇಕು, ಖುದ್ದು ವಿಚಾರಣೆ ಯಾವ ದಿನ, ಯಾರ ಎದುರು ಎಂಬುದು ಅದರಲ್ಲಿರಬೇಕು. ಅಂತಿಮ ಆದೇಶವಾದ ಮೇಲೂ ಮಾಲೀಕನೇ ತೆರವು ಮಾಡಿಕೊಳ್ಳಲು ಇನ್ನೂ 15 ದಿನ. ತೆರವಿಗೆ ಮುಂಚೆ ಇಬ್ಬರು ಪಂಚರ ಸಹಿಯ ಪರಿಶೀಲನಾ ವರದಿ, ತೆರವಿನ ವೇಳೆ ವಿಡಿಯೊ. ಮೀರಿದರೆ ನ್ಯಾಯಾಂಗ ನಿಂದನೆ ಮಾತ್ರವಲ್ಲ, ಮತ್ತೆ ಕಟ್ಟಿಕೊಡುವ ವೆಚ್ಚ ಅಧಿಕಾರಿಯ ಸ್ವಂತ ಜೇಬಿನಿಂದ.

ದಿನ ಎಣಿಸುವಾಗ ಮುಟ್ಟಿದ ದಿನವನ್ನು ಬಿಡಬೇಕು. 3ನೇ ತಾರೀಕು ಸಹಿ ಮಾಡಿ ಪಡೆದಿದ್ದರೆ ಒಂದನೇ ದಿನ 4, ಹದಿನೈದನೇ ದಿನ 18. 18 ಭಾನುವಾರವಾದರೆ 19ರಂದು ಕಚೇರಿ ತೆರೆದಾಗ ಬಂದ ಉತ್ತರವನ್ನೂ ಸ್ವೀಕರಿಸಿ. ನೋಟಿಸಿನ ಮೇಲಿನ ತಾರೀಕಿನಿಂದ ಎಣಿಸಿ ಕೆಟ್ಟ ಕಡತಗಳು ಬೇಕಾದಷ್ಟಿವೆ.

ಸಕಾರಣ ಆದೇಶ. ಮಾಲೀಕ ಎತ್ತಿದ ಪ್ರತಿ ಅಂಶಕ್ಕೂ ಉತ್ತರವಿರುವ ಆದೇಶ. ‘ಸಮಜಾಯಿಷಿ ಪರಿಶೀಲಿಸಲಾಗಿ ತೃಪ್ತಿಕರವಾಗಿರುವುದಿಲ್ಲ’ ಎಂದು ಬರೆದರೆ ಸಾಲದು. ಯಾವ ಭಾಗವನ್ನು ಸಕ್ರಮಗೊಳಿಸಬಹುದು, ಯಾವುದನ್ನು ಆಗದು, ಕೆಡವದೆ ಬೇರೆ ದಾರಿ ಏಕಿಲ್ಲ ಎಂಬುದನ್ನೂ ಸುಪ್ರೀಂ ಕೋರ್ಟ್ ಕೇಳುತ್ತದೆ.

ಒತ್ತುವರಿಯ ಲೆಕ್ಕ ಬೇರೆ. ರಸ್ತೆ, ಫುಟ್‌ಪಾತ್, ಕೆರೆ ಅಥವಾ ನದಿಯ ಜಾಗದಲ್ಲಿನ ಅನಧಿಕೃತ ಕಟ್ಟಡಕ್ಕೆ ಮೇಲಿನ 15 ದಿನದ ನಿರ್ದೇಶನ ಅನ್ವಯಿಸದು. ಕೆಡವಲು ಕೋರ್ಟೇ ಆದೇಶಿಸಿದ್ದರೂ ಅಷ್ಟೇ. ಸಾರ್ವಜನಿಕ ರಸ್ತೆಯ ಮೇಲಿನ ಅಡ್ಡಿಯನ್ನು ನೋಟಿಸ್ ಇಲ್ಲದೆ ತೆಗೆಯಲು 1976ರ ಅಧಿನಿಯಮದ 288-ಡಿ ಇದೆ. ಇದನ್ನು ಹಿಡಿದು ಬೀದಿ ವ್ಯಾಪಾರಿಗಳ ಗಾಡಿ ಎತ್ತಲು ಹೋಗಬೇಡಿ. ಅವರಿಗೆ 2014ರ ಕೇಂದ್ರ ಕಾನೂನಿದೆ: ತೆರವಿಗೆ 30 ದಿನದ ನೋಟಿಸ್, ಸರಕು ವಶಪಡಿಸಿಕೊಂಡರೆ ಪಟ್ಟಿ ಮಾಡಿ ಪ್ರತಿ ಕೊಡಬೇಕು, ಅವರು ಕೇಳಿಕೊಂಡಾಗ ಹಣ್ಣು-ತರಕಾರಿಯಂಥ ಕೆಡುವ ಮಾಲನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂತಿರುಗಿಸಬೇಕು.

ತಡೆಯಾಜ್ಞೆ, ಯಥಾಸ್ಥಿತಿ, ಕೇವಿಯಟ್. ತಡೆಯಾಜ್ಞೆ ಪಾಲಿಕೆಯ ಕೈ ಕಟ್ಟುತ್ತದೆ. ಯಥಾಸ್ಥಿತಿ ಆದೇಶ ಉಭಯತ್ರರಿಗೂ ಬಂದಿದ್ದರೆ ಮಾಲೀಕನೂ ಒಂದು ಇಟ್ಟಿಗೆ ಇಡುವಂತಿಲ್ಲ. ಹಾಗಾಗಿ ಆದೇಶ ಬಂದ ದಿನವೇ ಕಟ್ಟಡದ ಫೋಟೊ ತೆಗೆದಿಟ್ಟುಕೊಳ್ಳಿ, ಇಲ್ಲವಾದರೆ ಆ ದಿನ ಎಷ್ಟು ಅಂತಸ್ತಿತ್ತು ಎಂಬುದೇ ತಕರಾರಾಗುತ್ತದೆ. ನಮ್ಮನ್ನು ಕೇಳದೆ ಸಿವಿಲ್ ಕೋರ್ಟು ತಡೆಯಾಜ್ಞೆ ಕೊಡದಿರಲೆಂದು ಮೊದಲೇ ಹಾಕುವುದು ಕೇವಿಯಟ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಪ್ರಕಾರ ಅದರ ಆಯಸ್ಸು 90 ದಿನ. ದೃಢೀಕರಣ ಆದೇಶಕ್ಕೆ ಸಹಿ ಬೀಳುವ ಹೊತ್ತಿಗೇ ಹಾಕಿಸಿ, 90 ದಿನ ಮುಗಿಯುವ ತಾರೀಕನ್ನು ಕಡತದ ಟಿಪ್ಪಣಿ ಹಾಳೆಯಲ್ಲಿ ಬರೆದಿಡಿ. ತೆರವು ಅಷ್ಟರಲ್ಲಿ ಆಗದಿದ್ದರೆ ಹೊಸದಾಗಿ ಹಾಕಿಸಬೇಕು.