ಜೇನ್ ಆಡಮ್ಸ್: ಬೀದಿಯ ಕಸ ತೆಗೆಸಿದಾಕೆ ಯುದ್ಧವೂ ಬೇಡ ಅಂದಾಗ

1931ರಲ್ಲಿ ಜೇನ್ ಆಡಮ್ಸ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಮೆರಿಕದ ಹೆಣ್ಣುಮಗಳೊಬ್ಬಳಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆದರೆ ಅದಕ್ಕೆ 16 ವರ್ಷ ಹಿಂದೆ ಅದೇ ದೇಶದ ಪತ್ರಿಕೆಗಳು ಅವರನ್ನು ಬಾಯಿಗೆ ಬಂದಂತೆ ಬೈದಿದ್ದವು. ಯಾಕೆ ಅಂತ ಗೊತ್ತಾಗಬೇಕಾದರೆ ಶಿಕಾಗೊದ ಹಾಲ್‌ಸ್ಟೆಡ್ ಬೀದಿಗೆ ಹೋಗಬೇಕು.

ಓದಿದವರು ಬಡವರ ನಡುವೆಯೇ ವಾಸವಿದ್ದು ಅವರಿಗೆ ನೆರವಾಗುತ್ತಿದ್ದ ಲಂಡನ್ನಿನ ಟಾಯ್ನ್‌ಬಿ ಹಾಲ್ ನೋಡಿಬಂದಿದ್ದ ಜೇನ್, 1889ರಲ್ಲಿ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಆ ಬೀದಿಯ ಹಳೇ ಬಂಗಲೆಯೊಂದಕ್ಕೆ ವಾಸಕ್ಕೆ ಬಂದರು. ಅದೇ ಹಲ್ ಹೌಸ್. ಸುತ್ತಮುತ್ತ ಇಟಲಿ, ಜರ್ಮನಿ, ರಷ್ಯಾಗಳಿಂದ ಹೊಟ್ಟೆಪಾಡಿಗೆ ಬಂದ ಜನ. ಮೊದಲ ಕ್ರಿಸ್‌ಮಸ್‌ಗೆ ಮಿಠಾಯಿ ಹಂಚಿದರೆ ಕೆಲವು ಪುಟ್ಟ ಹುಡುಗಿಯರು ಬೇಡವೇ ಬೇಡ ಅಂದರು. ವಿಚಾರಿಸಿದರೆ, ಆರು ವಾರದಿಂದ ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಮಿಠಾಯಿ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ ಮಕ್ಕಳವು, ಅದನ್ನು ಕಂಡರೇ ಆಗುತ್ತಿರಲಿಲ್ಲ. ಹಲ್ ಹೌಸ್‌ನಲ್ಲೇ ಇದ್ದ ಫ್ಲಾರೆನ್ಸ್ ಕೆಲ್ಲಿ ಮುಂತಾದವರು ಪಟ್ಟು ಹಿಡಿದು ಓಡಾಡಿದ್ದಕ್ಕೆ 1893ರಲ್ಲಿ ಇಲಿನಾಯ್ ರಾಜ್ಯ ಕಾನೂನು ತಂದಿತು. 14 ತುಂಬದ ಮಕ್ಕಳನ್ನು ಫ್ಯಾಕ್ಟರಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಅಂತಾಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಕಸದ ಕಥೆ. ಗುತ್ತಿಗೆದಾರರು ಕಸ ಎತ್ತುತ್ತಿರಲಿಲ್ಲ, ಮಕ್ಕಳು ಸಾಯುತ್ತಿದ್ದರು. 1895ರಲ್ಲಿ ಮೇಯರ್ ಜೇನ್ ಅವರನ್ನೇ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಮಾಡಿದರು, ವರ್ಷಕ್ಕೆ 1,000 ಡಾಲರ್ ಸಂಬಳ. ಬೆಳಗ್ಗೆ ಆರಕ್ಕೇ ಎದ್ದು ಕಸದ ಬಂಡಿಗಳ ಹಿಂದೆ ಹೊರಟುಬಿಡುತ್ತಿದ್ದರು. ಒಂದು ಓಣಿಯಲ್ಲಿ ಕಸ ಕೆರೆದು ತೆಗೆಸಿದರೆ 18 ಅಂಗುಲ ಕೆಳಗೆ ಕಲ್ಲುಹಾಸು ಸಿಕ್ಕಿತು! ಅಲ್ಲಿ ಅಂಥದ್ದೊಂದು ಇದೆ ಅಂತಲೇ ಓಣಿಯವರಿಗೆ ಗೊತ್ತಿರಲಿಲ್ಲ.

ಆಮೇಲೆ 1914ರಲ್ಲಿ ಯುರೋಪಿನಲ್ಲಿ ಯುದ್ಧ ಹತ್ತಿಕೊಂಡಿತು. ಹಾಲ್‌ಸ್ಟೆಡ್ ಬೀದಿಯಲ್ಲಿ ನೆರೆಹೊರೆಯಾಗಿ ಬದುಕುತ್ತಿದ್ದವರ ಊರಿನವರೇ ಅಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಇದನ್ನೆಲ್ಲ ಕಂಡವರು ಸುಮ್ನೆ ಕೂರಲು ಆಗುತ್ತಾ? 1915ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಯುದ್ಧ ನಿಲ್ಲಿಸಿ ಅಂತ ಸಾವಿರಕ್ಕೂ ಹೆಚ್ಚು ಹೆಂಗಸರು ಸೇರಿದ ಸಮ್ಮೇಳನಕ್ಕೆ ಅವರೇ ಅಧ್ಯಕ್ಷೆ. ಅಲ್ಲಿಂದ ಯುದ್ಧದಲ್ಲಿದ್ದ ದೇಶಗಳ ರಾಜಧಾನಿಗಳಿಗೆ ಹೋಗಿ ಮಂತ್ರಿಗಳ ಹತ್ತಿರ ಮಾತಾಡಿದರು. ಜುಲೈನಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ, ಬಂದೂಕಿನ ತುದಿಯ ಈಟಿಯಿಂದ ಇರಿಯಲು ನುಗ್ಗಿಸುವ ಮುಂಚೆ ಸೈನಿಕರಿಗೆ ಅಮಲು ಕೊಡಬೇಕಾಗುತ್ತದೆ ಅಂತ ಎಲ್ಲ ದೇಶಗಳಲ್ಲೂ ಕೇಳಿಬಂತು ಎಂದರು. ಹುಡುಗರಿಗೆ ಕೊಲ್ಲುವ ಮನಸ್ಸಿಲ್ಲ ಅನ್ನುವುದು ಅವರ ಮಾತಿನ ಸಾರ. ಸೈನಿಕರನ್ನು ಹೇಡಿಗಳು ಅಂದಳು ಅಂತ ಪತ್ರಿಕೆಗಳು ತಿರುಚಿದವು. ನಿನ್ನೆಯವರೆಗೆ ಹೊಗಳಿದವರು ದೂರ ಸರಿದರು. 1917ರಲ್ಲಿ ಅಮೆರಿಕವೂ ಯುದ್ಧಕ್ಕಿಳಿದಾಗ ಇನ್ನೂ ಒಂಟಿಯಾದರು, ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

ಹೇಗ್‌ನ ಆ ಸಮ್ಮೇಳನದಿಂದಲೇ ಶಾಂತಿ ಮತ್ತು ಸ್ವಾತಂತ್ರ್ಯಕ್ಕಾಗಿ ಮಹಿಳೆಯರ ಅಂತರರಾಷ್ಟ್ರೀಯ ಲೀಗ್ ಹುಟ್ಟಿತು. ನೊಬೆಲ್‌ನ ತಮ್ಮ ಪಾಲಿನ ಹಣವನ್ನು ಜೇನ್ ಅದಕ್ಕೇ ಕೊಟ್ಟರು. 1935ರಲ್ಲಿ ತೀರಿಕೊಂಡರು. 1960ರ ದಶಕದಲ್ಲಿ ವಿಶ್ವವಿದ್ಯಾಲಯ ಕಟ್ಟಲು ಹಲ್ ಹೌಸ್‌ನ ಬಹುತೇಕ ಕಟ್ಟಡಗಳನ್ನು ಕೆಡವಿದರು, ಮೂಲ ಬಂಗಲೆ ಮ್ಯೂಸಿಯಂ ಆಗಿ ಉಳಿಯಿತು. ಅವರ ಹೆಸರಿನ ಸೇವಾ ಸಂಸ್ಥೆ ಹಣವಿಲ್ಲದೆ 2012ರಲ್ಲಿ ಬಾಗಿಲು ಹಾಕಿತು. ಆ ಲೀಗ್ ಮಾತ್ರ ಜಿನೀವಾದಿಂದ ಇವತ್ತಿಗೂ ಕೆಲಸ ಮಾಡುತ್ತಿದೆ.