ಪಾಸಿಂಗ್ ಐತಿ ಅಂದ್ರ ಗಾಡಿ ಪಾಸಾಗೈತಿ ಅಂತಲ್ಲ

"2012 ಮಾಡೆಲ್ ಸ್ಪ್ಲೆಂಡರ್, ಕೆಎ-28 ಪಾಸಿಂಗ್, 2027ರ ತನಕ ಪಾಸಿಂಗ್ ಐತಿ, ಪಾಸಿಂಗ್ ಆಗಿರೂ ಗಾಡಿ, ಕಣ್ಮುಚ್ಚಿ ತಗೋರಿ." ವಿಜಯಪುರ ಬಾಗಲಕೋಟಿ ಕಡೆ ಹಳೇ ಬೈಕ್ ಮಾರೋರು ಇಂಥಾ ಮೆಸೇಜ್ ದಿನಾ ಹಾಕತಾರ. ಒಂದ ಶಬ್ದ ಮೂರು ಸಲ ಬಂದೈತಿ, ಮೂರಕ್ಕೂ ಬ್ಯಾರೆ ಬ್ಯಾರೆ ಅರ್ಥ: ಮೊದಲನೇದು ಗಾಡಿಗೆ ಎಲ್ಲಿ ನಂಬರ್ ಆಗೈತಿ ಅಂತ, ಎರಡನೇದು ನೋಂದಣಿ ಎಲ್ಲಿ ತನಕ ಐತಿ ಅಂತ, ಮೂರನೇದು ತಪಾಸಣೆ ಆಗೈತಿ ಅಂತ. ಮೊದಲಿನ ಎರಡು ಖರೆ, ಮೂರನೇದು ಖರೆ ಅಲ್ಲ, ಯಾಕಂದ್ರ 2012ರ ಖಾಸಗಿ ಬೈಕ್ ಹೊಸದಿದ್ದಾಗ ನಂಬರ್ ತಗೊಂಡ ಮ್ಯಾಲೆ ಇವತ್ತಿನ ತನಕ ಯಾವ ಇನ್ಸ್‌ಪೆಕ್ಟರ್ ಮುಂದೂ ನಿಂತಿರೂದಿಲ್ಲ. ಆದ್ರೂ ಓದಿದವರು ತಪಾಸಣೆ ಆಗೈತಿ ಅಂತ ತಿಳಕೊಂಡು ರೊಕ್ಕ ಕೊಟ್ಟು ಬರತಾರ, ಇದನ್ನ ನೋಡಿ ನೋಡಿ ಸಾಕಾಗೈತಿ.

ಪಾಸಿಂಗ್ ಅನ್ನೂದು ನಮ್ಮ ಕಡೆ ಮಾತು. ಬೆಂಗಳೂರು ಕಡೆ ರಿಜಿಸ್ಟ್ರೇಷನ್ ಅಂತಾರ, ಎಫ್‌ಸಿ (ತಪಾಸಣೆ ಮಾಡಿ ಕೊಡೂ ಫಿಟ್‌ನೆಸ್ ಸರ್ಟಿಫಿಕೇಟ್) ಅಂತಾರ, ನಮ್ಮಲ್ಲಿ ಎರಡಕ್ಕೂ ಪಾಸಿಂಗ್. ಗಡಿ ದಾಟಿ ಸಾಂಗ್ಲಿ, ಸೊಲ್ಲಾಪುರಕ್ಕ ಹೋದ್ರ ಮರಾಠಿಯೊಳಗೂ ಇದ ಶಬ್ದ, "ಎಂಎಚ್-10 ಪಾಸಿಂಗ್" ಅಂದ್ರ ಅಲ್ಲೀ ಸಣ್ಣ ಹುಡುಗರಿಗೂ ತಿಳೀತೈತಿ. 1956ರ ತನಕ ಬೆಳಗಾವಿ, ವಿಜಾಪುರ ಮುಂಬೈ ಸರ್ಕಾರದ ಕೆಳಗಿದ್ದ ಜಿಲ್ಲೆ, ಮಾತು ಎರಡೂ ಕಡೆ ಓಡ್ಯಾಡೂದು ಇವತ್ತಿಂದಲ್ಲ. ಎರಡು ಅರ್ಥ ಒಂದಕ್ಕೊಂದು ಅಂಟಿದ್ದಕ್ಕೂ ಕಾರಣ ಐತಿ. ಮೊದಲು ಹೊಸ ಗಾಡಿ ತಗೊಂಡ್ರ ಅದನ್ನ ಆರ್‌ಟಿಓ ಮುಂದ ಹಾಜರ್ ಮಾಡಬೇಕು, ಸಾಹೇಬ್ರು ಚಾಸಿ ನಂಬರ್ ನೋಡಿ ಸರಿ ಐತಿ ಅಂದ ಮ್ಯಾಲೇ ನಂಬರ್ ಸಿಗೂದು. ನಂಬರ್ ಸಿಗೂದೂ ಗಾಡಿ ಪಾಸಾಗೂದೂ ಒಂದ ದಿನದ ಕೆಲಸ, ಹಿಂಗಾಗಿ ಶಬ್ದಾನೂ ಒಂದ ಆತು. ಆವಾಗ ಅದು ತಪ್ಪೇನೂ ಅಲ್ಲ. ತಪ್ಪು ಆಗೂದು ಆ ಒಂದ ದಿನದ ನೋಟಾನ ಹದಿನೈದು ವರ್ಷ ಎಳದಾಗ.

ಕಾನೂನಿನ ಪ್ರಕಾರ ಇವು ಎರಡೂ ಪೂರಾ ಬ್ಯಾರೆ. 1988ರ ಮೋಟಾರು ವಾಹನ ಕಾಯ್ದೆಯೊಳಗ ಖಾಸಗಿ ಗಾಡಿ ನೋಂದಣಿ 15 ವರ್ಷ ನಡೀತೈತಿ, ಆಮ್ಯಾಲೆ ತಪಾಸಣೆ ಮಾಡಿಸಿ ಐದೈದು ವರ್ಷ ಮುಂದುವರಿಸ್ಕೋಬೇಕು, ಅದಕ್ಕ ಫಾರ್ಮ್ 25. ಫಿಟ್‌ನೆಸ್ ಸರ್ಟಿಫಿಕೇಟ್ ಅಂತ ಬ್ಯಾರೆ ಕಾಗದಾ ಇರೂದು ಬಾಡಿಗಿ ಗಾಡಿಗೆ, ಅಂದ್ರ ಟಂಟಂ, ಆಟೋ, ಲಾರಿ ಇಂಥಾವಕ್ಕ. ಅವು ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮ್ಯಾಲೆ ವರ್ಷಾ ಹೋಗಿ ತೋರಸಬೇಕು. ನಿಮ್ಮ ಸ್ವಂತ ಸ್ಪ್ಲೆಂಡರಿಗೆ ವರ್ಷಾ ಎಫ್‌ಸಿ ಅನ್ನೂದು ಇಲ್ಲೇ ಇಲ್ಲ. ಗೊಂದಲಕ್ಕ ಗಾಡಿ ವಿವರ ತೋರಸೂ ಸರ್ಕಾರದ ಎಂಪರಿವಾಹನ್ ಆ್ಯಪೂ ಒಂದು ಕಾರಣ, ಖಾಸಗಿ ಬೈಕಿನ ನಂಬರ್ ಹಾಕಿದ್ರೂ ಅದರಾಗ "ಫಿಟ್‌ನೆಸ್ ಅಪ್‌ಟು" ಅಂತ ತಾರೀಖು ಬರತೈತಿ, ಅದು ನೋಂದಣಿ ಮುಗಿಯೂ ತಾರೀಖು ಅಷ್ಟ. ಮಾರೋರು ಅದರದ ಸ್ಕ್ರೀನ್‌ಶಾಟ್ ಹೊಡದು "ನೋಡ್ರಿ ಫಿಟ್‌ನೆಸ್ ಐತಿ" ಅಂತ ಕಳಸತಾರ. ಆ ತಾರೀಖಿನಿಂದ ಬ್ರೇಕ್ ಹಿಡಿತೈತೋ ಇಲ್ಲೋ ಒಂದಿಷ್ಟೂ ಗೊತ್ತಾಗೂದಿಲ್ಲ.

ಇನ್ನ ಕೆಲವರು ಕೇಳತಾರ, ಈ ಮಾಡೆಲ್ ತಪಾಸಣೆಯೊಳಗ ಎಷ್ಟು ಪರ್ಸೆಂಟ್ ಪಾಸಾಗತೈತಿ ಅಂತ. ಈ ಪ್ರಶ್ನೆ ಬಂದದ್ದು ಬ್ರಿಟನ್ ಕಡೆಯವರ ವಿಡಿಯೋ ನೋಡಿ. ಅಲ್ಲಿ ಎಂಓಟಿ ಅಂತ ಐತಿ, ಬೈಕಿಗೆ ಮೂರು ವರ್ಷ ತುಂಬಿತು ಅಂದ್ರ ಅಲ್ಲಿಂದ ಮುಂದ ವರ್ಷಾ ತಪಾಸಣೆ. ದೋಷಾನ ಅಪಾಯಕಾರಿ, ದೊಡ್ಡದು, ಸಣ್ಣದು ಅಂತ 2018ರಿಂದ ಬ್ಯಾರೆ ಬ್ಯಾರೆ ಬರೀತಾರ, ಈಗ ನಡೀತೈತಿ ಆದ್ರ ಕಣ್ಣಿಡು ಅಂತ ಸೂಚನೆನೂ ಬರೀತಾರ, ಗಾಡಿ ನಂಬರ್ ಗೊತ್ತಿದ್ದವರು ಯಾರಾದ್ರೂ ಹಿಂದಿನ ತಪಾಸಣೆ, ಆವಾಗ ಓಡಿದ್ದ ಮೈಲಿ ಎಲ್ಲಾ ಆನ್‌ಲೈನ್ ನೋಡಬಹುದು. ಅಲ್ಲಿ ಒಂದು ಮಾಡೆಲ್ ವರ್ಷದಿಂದ ವರ್ಷಕ್ಕ ಹೆಂಗ ನಡೀತು ಅಂತ ಹೇಳಾಕ ಆಧಾರ ಐತಿ. ನಮ್ಮಲ್ಲಿ ಹದಿನೈದು ವರ್ಷಕ್ಕ ಮೊದಲನೇ ಸಲ ನೋಡೂ ಗಾಡಿಗೆ ಆ ಲೆಕ್ಕ ಎಲ್ಲಿಂದ ಬರಬೇಕು?

ಹಂಗಂತ ಹಳೇ ಸ್ಪ್ಲೆಂಡರ್ ಎಲ್ಲಿ ಎಡವತೈತಿ ಅಂತ ಹೇಳಾಕ ಬರೂದಿಲ್ಲ ಅಂತಲ್ಲ, ಗಾಡಿ ಮಾಡಿದ ರೀತಿಯೊಳಗ ಅದು ಐತಿ. 1994ರಾಗ ಬಂದ 97.2 ಸಿಸಿ ಗಾಡಿ, ಎಂಜಿನ್ ಬಗ್ಗೆ ದೂರು ಕಡಿಮಿ, ಆದ್ರ ಎಂಜಿನ್ ನಡೀತೈತಿ ಅಂತ ಗಾಡಿ ಪಾಸಾಗೂದಿಲ್ಲ. ಕಿಕ್ ಮಾಡೆಲ್ ತಗೋರಿ. ಅದರಾಗ ಸ್ಪಾರ್ಕ್‌ಗೆ ಕರೆಂಟ್ ಎಂಜಿನ್ನಿನೊಳಗಿನ ಕಾಯಿಲ್ (ತಂತಿ ಸುರುಳಿ) ಕಡಿಯಿಂದ ನೇರ ಬರತೈತಿ, ಹೆಡ್‌ಲೈಟಿಗೂ ಹಂಗ. ಬ್ಯಾಟರಿ ಸತ್ತ್ರೂ ಒಂದ ಕಿಕ್ಕಿಗೆ ಚಾಲೂ, ಲೈಟೂ ಹತ್ತತೈತಿ, ಹಿಂಗಾಗಿ ಮಾಲಕರು ಬ್ಯಾಟರಿ ಹಾಕಸೂದ ಇಲ್ಲ, ವರ್ಷಾನುಗಟ್ಟಲೆ ಹಂಗ ಓಡಸತಾರ. ಆದ್ರ ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಮೂರೂ ಬ್ಯಾಟರಿ ಮ್ಯಾಲೆ ನಡಿಯೂವು. ತಪಾಸಣೆಯೊಳಗ ಇವನ್ನೂ ಒತ್ತಿ ನೋಡತಾರ. ಗಾಡಿ ನೋಡಾಕ ಹೋದವರು ಕಿಕ್ ಹೊಡದು ಸೌಂಡ್ ಕೇಳಿ ಖುಷಿ ಆಗತಾರ, ಎಂಜಿನ್ ಬಂದ್ ಇದ್ದಾಗ ಚಾವಿ ತಿರುವಿ ಹಾರ್ನ್ ಹೊಡದು ನೋಡೂದಿಲ್ಲ. ಅದನ್ನ ಮಾಡ್ರಿ, ಸೈಡ್ ಕವರ್ ಬಿಚ್ಚೂದ ಬ್ಯಾಡ, ಬ್ಯಾಟರಿ ಹಣೆಬರಹ ಗೊತ್ತಾಗಿ ಬಿಡತೈತಿ.

ಎರಡನೇದು ಹಾಲಿನ ಕ್ಯಾನ್. ನಮ್ಮ ಹಳ್ಳಿಯೊಳಗ ಸ್ಪ್ಲೆಂಡರ್ ಅಂದ್ರ ಕ್ಯಾನ್ ಹೊರೂ ಗಾಡಿ, ಮೇವಿನ ಹೊರಿ ಹೊರೂ ಗಾಡಿ. ಎರಡೂ ಕಡೆ ಕೊಕ್ಕಿ ಬೆಸಿಗಿ ಹಾಕಸಾಕ ಮೊದಲು ಕಿತ್ತು ಒಗಿಯೂದು ಸೀರೆ ಗಾರ್ಡ್, ಆಮ್ಯಾಲೆ ಹಿಂದಿನ ಇಂಡಿಕೇಟರ್ ತಾವಾಗೇ ಮುರೀತಾವು. ಹಿಂದಿನ ಗಾಲಿಯ ಅರ್ಧಾ ಭಾಗಕ್ಕ ಕಮ್ಮಿ ಇಲ್ಲದಂಗ ಮುಚ್ಚೂ ಗಾರ್ಡ್, ಹಿಂದ ಕುಂತವರಿಗೆ ಹಿಡಕೊಳಾಕ ಹಿಡಿಕಿ, ಕಾಲಿಡಾಕ ಫುಟ್‌ರೆಸ್ಟ್, ಇವು ಶೋಕಿಗೆ ಅಲ್ಲ, ಕೇಂದ್ರ ಮೋಟಾರು ವಾಹನ ನಿಯಮ 123ರೊಳಗ ಬರದದ್ದು. ಸೆರಗು ಚಕ್ರದಾಗ ಸಿಕ್ಕು ಜೀವ ಹೋದದ್ದು ನಮ್ಮ ಕಡೆ ಯಾರಿಗೂ ಹೊಸ ಸುದ್ದಿ ಅಲ್ಲ, ಅದಕ್ಕ ಇದೊಂದರಾಗ ಯಾರೂ ರಿಯಾಯ್ತಿ ಕೇಳಬಾರದು.

ಬ್ರೇಕಿಗೆ ಬಂದ್ರ, ಡ್ರಮ್ ಮ್ಯಾಲೆ ಲಿವರ್ ಹತ್ರ ಸಣ್ಣ ಬಾಣದ ಗುರುತು ಇರತೈತಿ, ಬ್ರೇಕ್ ಪೂರಾ ಹಿಡದಾಗ ಆ ಬಾಣ ಡ್ರಮ್ ಪ್ಲೇಟಿನ ಗುರುತಿಗೆ ಬಂದು ನಿಂತ್ರ ಲೈನರ್ ಮುಗದಂಗ. ವಿಜಯಪುರದ ಎರಿ ಮಣ್ಣಿನ ಧೂಳು ಏರ್ ಫಿಲ್ಟರಿಗೆ ಕುಂತು ಹೊಗಿ ತಪಾಸಣೆಯೊಳಗ ಸಿಓ, ಅಂದ್ರ ಕಾರ್ಬನ್ ಮೊನಾಕ್ಸೈಡ್ ವಿಷಗಾಳಿ, ಜಾಸ್ತಿ ತೋರಸತೈತಿ, ಫಿಲ್ಟರ್ ಬದಲಿ ಮಾಡಿ ಕಾರ್ಬುರೇಟರ್ ಟ್ಯೂನ್ ಮಾಡಿದ್ರ ಬಹಳ ಸಲ ಸರಿ ಹೋಗತೈತಿ. ಖಾನಾಪುರ ಕಡೆ ಗಾಡಿಗೆ ತೊಂದ್ರಿ ಬ್ಯಾರೆ, ಮಳಿಗೆ ನೆನದು ನೆನದು ಹ್ಯಾಂಡಲ್ ಕೆಳಗ ಹೊಡದ ಚಾಸಿ ನಂಬರ್ ತುಕ್ಕು ಹಿಡದಿರತೈತಿ. ಪೆನ್ಸಿಲ್ ಪ್ರಿಂಟ್ ತಗಿಯೂ ಮುಂದ ಅಂಕಿ ಮೂಡಲಿಲ್ಲಂದ್ರ ಕೆಲಸ ಅಲ್ಲೇ ನಿಲ್ಲತೈತಿ. ಸೀಮೆಎಣ್ಣಿ ಹಚ್ಚಿ ಅರಿವಿಲೆ ಮೆತ್ತಗ ಒರಸ್ರಿ, ಗ್ರೈಂಡರ್ ಹಚ್ಚಿ ಅಂಕಿನ ಅಳಿಸಿಬಿಟ್ರಿ ಅಂದ್ರ ಕಳ್ಳ ಗಾಡಿ ಅನ್ನೂ ಸಂಶಯ ಬರತೈತಿ. ಅಂದಹಂಗ ಹೊಗಿ ಸರ್ಟಿಫಿಕೇಟ್, ಅಂದ್ರ ಪಿಯುಸಿ, ಅದೂ ಪಾಸಿಂಗ್ ಅಲ್ಲ, ಅದರಾಗ ನೋಡೂದು ಸೈಲೆನ್ಸರಿನಿಂದ ಬರೂ ಹೊಗಿ ಅಷ್ಟ.

ರೊಕ್ಕದ ಮಾತು. "ಪಾಸಿಂಗ್ ಮುಗದೈತಿ, ಸಣ್ಣ ಕೆಲಸ, ಮಾಡಿಸ್ಕೋರಿ" ಅಂತ ಸೋವಿಯೊಳಗ ಕೊಡೋರ ಹತ್ರ ಯಾವ ತಾರೀಖಿಗೆ ಮುಗದೈತಿ ಅಂತ ಮೊದಲು ಕೇಳ್ರಿ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿ 20 ತುಂಬದ ಬೈಕಿನ ನವೀಕರಣ ಶುಲ್ಕ 300 ಇದ್ದದ್ದು 1,000 ಆಗೈತಿ, ತಡಾ ಮಾಡಿದ್ರ ತಿಂಗಳಿಗೆ 300 ಬ್ಯಾರೆ. ಮೂರು ವರ್ಷ ಹಂಗ ಬಿಟ್ಟ ಗಾಡಿಗೆ ತಡದ ರೊಕ್ಕಾನ 10,800 ಆತು, ಅದರ ಮ್ಯಾಲೆ ಹಸಿರು ತೆರಿಗೆ, ರಿಪೇರಿ. ಅವಧಿ ಮುಗಿಯೂಕಿಂತ 60 ದಿನ ಮೊದಲ ಅರ್ಜಿ ಹಾಕಾಕ ಅವಕಾಶ ಐತಿ, ಆ ಹೊತ್ತಿಗೆ ಹಾಕಿದವರಿಗೆ ತಡದ ರೊಕ್ಕ ಒಂದು ಪೈಸಾನೂ ಬೀಳೂದಿಲ್ಲ. ಎಂಎಚ್ ಪಾಸಿಂಗ್ ಗಾಡಿ ತಗೊಂಡು ಅಥಣಿಯಾಗೋ ಇಂಡಿ ಊರಾಗೋ ಓಡಸೋರಿಗೆ ಇನ್ನೊಂದು ಕೆಲಸ ಐತಿ, ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟ್ರ ಅಲ್ಲಿ ಆರ್‌ಟಿಓದ ಎನ್ಓಸಿ, ಅಂದ್ರ ಅಡ್ಡಿ ಇಲ್ಲ ಅನ್ನೂ ಕಾಗದಾ, ತಂದು ಇಲ್ಲಿ ನಂಬರ್ ಮಾಡಿಸಬೇಕು, ಅದಕ್ಕ ಮಾರೋರ ಕೈಲೆ ಎನ್ಓಸಿ ಬರೂತನಕ ಪೂರಾ ರೊಕ್ಕ ಕೊಡಬ್ಯಾಡ್ರಿ.